ಈಜೆಲ್ ಕ್ರಂಪ್ಟನ್‌ನ ಕೆಂಪು ಗುಂಡಿ

ಈಜೆಲ್ ಕ್ರಂಪ್ಟನ್‌ಗೆ ಐವತ್ತೊಂಬತ್ತು ತುಂಬಿದರೂ ಒಂದು ಕಡೆ ಹತ್ತು ನಿಮಿಷ ಕೂತು ಅಭ್ಯಾಸವಿಲ್ಲ. ಚರ್ಚಿನಲ್ಲಿ ಪಾದ್ರಿಯ ಮಾತು ಅರ್ಧವಾಗುವ ಹೊತ್ತಿಗೆ ಎದ್ದು ಹಿಂದಿನ ಗೋಡೆಗೆ ಒರಗಿರುತ್ತಾನೆ. ಊಟದ ನಡುವೆ ಎರಡು ಸಲವಾದರೂ ಕಿಟಕಿಯವರೆಗೆ ಹೋಗಿ ಬರುತ್ತಾನೆ. ಎಡ ಮೊಣಕಾಲಿನಲ್ಲಿ ಎರಡು ಸ್ಕ್ರೂ ಇವೆ, ಕೂತರೆ ಹಿಡಿದುಕೊಳ್ಳುತ್ತದೆ ಎಂಬುದು ಅವನು ಕೊಡುವ ಕಾರಣ.

"ಮೊಣಕಾಲಿನ ಸ್ಕ್ರೂ ಗಟ್ಟಿಯಾಗೇ ಇದೆ, ಮೇಲಿಂದು ಲೂಸಾಗಿದೆ" ಎನ್ನುವುದು ಅವನ ಹೆಂಡತಿ ವರ್ನೀಸ್.

ಅವನ ಕೆಲಸವೂ ಅಂಥದ್ದೇ. ಉತ್ತರದ ಒಂದು ದೊಡ್ಡ ಅಮೆರಿಕನ್ ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಹುಡುಕಿಕೊಡುವುದು. ಮಿಸಿಸಿಪಿ, ಅಲಬಾಮ, ಲೂಸಿಯಾನಾ ಈ ಮೂರು ರಾಜ್ಯಗಳ ಕಾಲೇಜುಗಳೆಲ್ಲ ಅವನ ಪಾಲು. ಆಗಸ್ಟ್ ತಿಂಗಳಲ್ಲಿ ಹ್ಯಾಟಿಸ್‌ಬರ್ಗ್‌ನ ಮನೆಯಿಂದ ಕಾರು ಹತ್ತಿದನೆಂದರೆ ಡಿಸೆಂಬರ್‌ವರೆಗೆ ಮೋಟೆಲಿನ ಹಾಸಿಗೆ, ಪೆಟ್ರೋಲ್ ಬಂಕಿನಲ್ಲಿ ಬೇಯಿಸಿ ಮಾರುವ ಕಡಲೆಕಾಯಿ, ಮೈದಾನದ ಅಂಚು. ಅಭ್ಯಾಸದ ಹೊತ್ತಿನಲ್ಲಿ ಬೇಲಿಗೆ ಒರಗಿ ಹುಡುಗರ ಸೊಂಟ, ಕಣಕಾಲು, ಬಿದ್ದವನು ಏಳುವ ರೀತಿ ಇವನ್ನೇ ನೋಡುವುದು. ಇಪ್ಪತ್ತೇಳು ವರ್ಷಗಳಿಂದ ಮಾಡಿರುವುದು ಇಷ್ಟೇ. ಮಾತು ಕಡಿಮೆ, ನೋಟ ಜಾಸ್ತಿ. ಒಬ್ಬ ಹುಡುಗ ಮೆಟ್ಟಿಲಿಳಿಯುವುದನ್ನು ನೋಡಿದರೆ ಸಾಕು, ಅವನ ಮೊಣಕಾಲಿನ ಚರಿತ್ರೆಯೆಲ್ಲ ತನಗೆ ತಿಳಿಯುತ್ತದೆ ಎಂಬ ಜಂಬ ಅವನಿಗಿತ್ತು. ಮುಕ್ಕಾಲು ಪಾಲು ಅದು ನಿಜವೂ ಆಗಿತ್ತು.

ಒಂದಾನೊಂದು ಕಾಲದಲ್ಲಿ ಅವನೂ ರನ್ನಿಂಗ್ ಬ್ಯಾಕ್ ಆಗಿದ್ದವನು. ಚೆಂಡನ್ನು ಬಗಲಲ್ಲಿ ಅವುಚಿಕೊಂಡು ಎದುರಿನ ದಾಂಡಿಗರ ಮಧ್ಯೆ ನುಗ್ಗುವವನು. ಪಂದ್ಯವೊಂದಕ್ಕೆ ಇಪ್ಪತ್ತು ಸಲ ನುಗ್ಗಿದರೆ ಇಪ್ಪತ್ತು ಸಲವೂ ಬೀಳಬೇಕು, ಬಿದ್ದವನ ಮೇಲೆ ಇನ್ನು ಮೂರು ಜನ ಬೀಳುತ್ತಾರೆ. ಈಜೆಲ್ ಎರಡು ವರ್ಷ ನುಗ್ಗಿದ. ಮೂರನೆಯ ವರ್ಷದ ಬೇಸಿಗೆ ಶಿಬಿರದಲ್ಲಿ ಮೊಣಕಾಲು ತಿರುಚಿತು. ಒಂದು ಬೆಳಿಗ್ಗೆ ಯಾರೋ ಬಂದು ಬಾಗಿಲು ತಟ್ಟಿ, "ಕೋಚ್ ಕರೀತಿದಾರೆ, ಆಟದ ಪುಸ್ತಕಾನೂ ತಗೊಂಡ್ ಬರ್ಬೇಕಂತೆ" ಎಂದರು. ಪುಸ್ತಕ ತರಲು ಹೇಳಿದರೆಂದರೆ ಕೆಲಸ ಹೋಯಿತೆಂದೇ ಅರ್ಥ, ಅದು ಎಲ್ಲ ಆಟಗಾರರಿಗೂ ಗೊತ್ತು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಈಜೆಲ್ ಮನೆಗೆ ಬಂದ.

ಈಗ ಅವನು ಕೆಲಸ ಮಾಡುವ ತಂಡದಲ್ಲಿ ಒಂದು ಪದ್ಧತಿ ಇತ್ತು. ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಹುಡುಗರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ನಡೆಯುತ್ತದಲ್ಲ, ಅದಕ್ಕೆ ಮೊದಲು ಕಚೇರಿಯ ಗೋಡೆಯ ತುಂಬ ಒಬ್ಬೊಬ್ಬ ಹುಡುಗನ ಹೆಸರಿಗೊಂದರಂತೆ ಕಾಗದದ ಪಟ್ಟಿಗಳನ್ನು ಅಂಟಿಸುತ್ತಿದ್ದರು. ಹುಡುಕಾಟದ ಕೆಲಸದ ಹನ್ನೆರಡು ಜನಕ್ಕೂ ತಲಾ ಒಂದು ಕೆಂಪು ಗುಂಡಿ, ಪಟ್ಟಿಯ ಮೇಲೆ ಒತ್ತಿ ಅಂಟಿಸುವಂಥದ್ದು. ವರ್ಷಕ್ಕೆ ಒಂದೇ ಒಂದು. ಅದನ್ನು ಯಾರ ಹೆಸರಿನ ಮೇಲೆ ಒತ್ತುತ್ತೀಯೋ ಆ ಹುಡುಗನಿಗೆ ನೀನು ಜಾಮೀನು. ಅವನು ಕೆಟ್ಟರೆ ಜನ ನಿನ್ನ ಮುಖ ನೋಡುತ್ತಾರೆ. ಗುಂಡಿ ಬಿದ್ದ ಹುಡುಗನನ್ನು ತಂಡ ಸಾಮಾನ್ಯವಾಗಿ ಕೈಬಿಡುತ್ತಿರಲಿಲ್ಲ. ಇದಕ್ಕೆ ಅಂಟಿಕೊಂಡ ಇನ್ನೊಂದು ಕಟ್ಟುಪಾಡಿತ್ತು: ಗುಂಡಿಯ ಸುದ್ದಿ ಹುಡುಗನ ಮನೆಯವರೆಗೆ ಎಂದೂ ಹೋಗಕೂಡದು.

ಆ ಕಟ್ಟುಪಾಡನ್ನು ಈಜೆಲ್ ಮುರಿದದ್ದು ನವೆಂಬರ್‌ನ ಒಂದು ಭಾನುವಾರ, ಆರ್ಜೀಲಿಯಾ ಸ್ಪೈವಿ ಎಂಬ ಅಜ್ಜಿಯ ಅಡುಗೆಮನೆಯಲ್ಲಿ.

ಅವಳ ಮೊಮ್ಮಗ ಡಾಂಟ್ರೆಲ್ ಸ್ಪೈವಿಯನ್ನು ಈಜೆಲ್ ಎರಡು ವರ್ಷದಿಂದ ನೋಡುತ್ತಿದ್ದ. ಹುಡುಗನಿಗೆ ಇಪ್ಪತ್ತೆರಡು. ಗಿಡ್ಡ, ತೊಡೆಗಳು ಒರಳಿನಂತೆ. ಚೆಂಡು ಕೈಗೆ ಬಂದ ಮೇಲೆ ಅರೆಕ್ಷಣ ಸುಮ್ಮನೆ ನಿಲ್ಲುತ್ತಿದ್ದ. ಅಷ್ಟರಲ್ಲಿ ಎದುರಿನವರು ಒಂದು ಕಡೆ ವಾಲಿರುತ್ತಿದ್ದರು, ಇವನು ಇನ್ನೊಂದು ಕಡೆಯಿಂದ ಹೊರಟುಹೋಗಿರುತ್ತಿದ್ದ. ಆ ಅರೆಕ್ಷಣವನ್ನು ಯಾರೂ ಕಲಿಸಲಾರರು. ನೋಡಿದಾಗೆಲ್ಲ ಈಜೆಲ್ ಸಂತೋಷಕ್ಕೆ ಬೇಲಿ ಬಿಟ್ಟು ಒಂದು ಹೆಜ್ಜೆ ಮುಂದೆ ಬರುತ್ತಿದ್ದ. ತನಗೆ ಅದಿರಲಿಲ್ಲ ಎಂಬುದೂ ಅವನಿಗೆ ಗೊತ್ತಿತ್ತು.

ಆರ್ಜೀಲಿಯಾ ಅಂದು ಕರಿದ ಮೀನು, ಟರ್ನಿಪ್ ಸೊಪ್ಪು, ಜೋಳದ ಬ್ರೆಡ್ ಬಡಿಸಿದಳು. ಮೇಲೆ ಬೆಣ್ಣೆ ಕೇಕು, ಒಂದಲ್ಲ ಮೂರು ತುಂಡು. ಈಜೆಲ್ ಮಾಮೂಲಿನಂತೆ ತಟ್ಟೆ ಹಿಡಿದುಕೊಂಡೇ ಅಡುಗೆಮನೆಯ ಉದ್ದಕ್ಕೂ ಓಡಾಡುತ್ತ ತಿಂದ.

"ಕೂತ್ಕೊಂಡು ತಿನ್ನಪ್ಪ, ನನ್ನ ಕುರ್ಚಿಗೇನು ಮುಳ್ಳಿದ್ಯಾ?"

"ಕಾಲು ಹಿಡ್ಕೊಳ್ಳುತ್ತಮ್ಮ."

"ನನ್ನ ಮೊಮ್ಮಗನ ಕಾಲು ನೋಡಕ್ಕೆ ಬಂದೋನು ನಿನ್ನ ಕಾಲೇ ನೆಟ್ಟಗಿಲ್ವಲ್ಲ" ಎಂದು ಅಜ್ಜಿ ನಕ್ಕಳು. ಡಾಂಟ್ರೆಲ್ ಕೂಡ ನಕ್ಕ. ಕೇಕಿನ ಸವಿಯೋ, ಆ ನಗುವೋ, ಹಿಂದಿನ ದಿನದ ಪಂದ್ಯದಲ್ಲಿ ಹುಡುಗ ಓಡಿದ್ದ ನೂರ ತೊಂಬತ್ತು ಗಜವೋ, ಯಾವುದು ಬಾಯಿ ಬಿಡಿಸಿತೋ ದೇವರೇ ಬಲ್ಲ.

"ನೋಡಮ್ಮ, ನನ್ನ ಹತ್ರ ವರ್ಷಕ್ಕೊಂದೇ ಕೆಂಪು ಗುಂಡಿ ಇರೋದು" ಎಂದ ಈಜೆಲ್. "ಈ ಸಲ ಅದು ನಿನ್ನ ಮೊಮ್ಮಗಂದು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ಆದರೆ ಅಜ್ಜಿ ಆಗಲೇ ಎದ್ದು ಬಂದು ಅವನ ಕೈ ಹಿಡಿದುಕೊಂಡಿದ್ದಳು. ಡಾಂಟ್ರೆಲ್ ತಲೆ ತಗ್ಗಿಸಿ, "ಥ್ಯಾಂಕ್ಸ್ ಅಂಕಲ್" ಎಂದ. ಹೊರಡುವಾಗ ಕೇಕಿನ ಉಳಿದ ಅರ್ಧವನ್ನು ಪೊಟ್ಟಣ ಕಟ್ಟಿ ಕಾರಿನಲ್ಲಿಟ್ಟರು.

ಮಾರ್ಚಿನಲ್ಲಿ ಅವನ ಮನಸ್ಸು ಕೆಡಿಸುವಂಥದ್ದೊಂದು ನಡೆಯಿತು. ಮೊಬೀಲ್ ಊರಿನ ಹೊರಗೆ ಪೆಟ್ರೋಲ್ ಹಾಕಿಸುತ್ತ ನಿಂತಿದ್ದ. ಪಕ್ಕದಲ್ಲೊಂದು ಪಿಕಪ್ ಬಂದು ನಿಂತಿತು. ಅದರಿಂದ ಒಬ್ಬ ಇಳಿದ. ಇಳಿದ ಎನ್ನುವುದಕ್ಕಿಂತ, ಬೆನ್ನು ಹೊರಗೆ ಮಾಡಿ, ಬಾಗಿಲು ಹಿಡಿದುಕೊಂಡು, ಒಂದೊಂದೇ ಕಾಲನ್ನು ನೆಲಕ್ಕೆ ಮುಟ್ಟಿಸಿದ. ಎಂಬತ್ತರ ಮುದುಕನಿರಬೇಕೆಂದು ಈಜೆಲ್ ನೋಡಿದರೆ, ಅವನು ಮಾರ್ಕೆಲ್ ಡೂಲಿ. ವಯಸ್ಸು ಮೂವತ್ತೊಂದು.

ಒಂಬತ್ತು ವರ್ಷದ ಹಿಂದೆ ಡೂಲಿಯ ಹೆಸರಿನ ಮೇಲೆ ಕೆಂಪು ಗುಂಡಿ ಒತ್ತಿದವನು ಈಜೆಲ್ಲೇ. ಒಬ್ಬ ರನ್ನಿಂಗ್ ಬ್ಯಾಕ್‌ಗೆ ಅವನು ಗುಂಡಿ ಕೊಟ್ಟದ್ದು ಅದೊಂದೇ ಸಲ. ತಂಡ ಅವನನ್ನು ನಾಲ್ಕು ವರ್ಷ ಗಾಣಕ್ಕೆ ಕಟ್ಟಿದ ಎತ್ತಿನಂತೆ ದುಡಿಸಿತು, ಸಾವಿರದ ಮುನ್ನೂರು ಸಲ ನುಗ್ಗಿಸಿತು. ಮೊದಲ ಕರಾರು ಮುಗಿದ ದಿನ ಕೈಕುಲುಕಿ ಕಳಿಸಿತು. ನಿಜವಾದ ದುಡ್ಡು ಇರುವುದು ಎರಡನೆಯ ಕರಾರಿನಲ್ಲಿ, ಅದು ಕೈಗೆ ಬರುವ ಹೊತ್ತಿಗೆ ಓಡುವವನ ಕಾಲು ಮುಗಿದಿರುತ್ತದೆ.

ಈಜೆಲ್ ಹೋಗಿ ಮಾತಾಡಿಸಬಹುದಿತ್ತು. ಮಾತಾಡಿಸಲಿಲ್ಲ. ಪಂಪಿನ ಮರೆಗೆ ಸರಿದು, ಡೂಲಿ ಅಂಗಡಿಯೊಳಗೆ ಹೋಗುವವರೆಗೂ ತಲೆ ತಗ್ಗಿಸಿ ನಿಂತು, ಟ್ಯಾಂಕು ತುಂಬುವ ಮೊದಲೇ ಪೈಪು ಕಿತ್ತಿಟ್ಟು ಕಾರು ಹತ್ತಿದ. ಹ್ಯಾಟಿಸ್‌ಬರ್ಗ್ ಸೇರುವಷ್ಟರಲ್ಲಿ ಮೂರು ಕಡೆ ನಿಲ್ಲಿಸಿ ಕಾರಿನ ಸುತ್ತ ನಡೆದ. ಮನೆಯಲ್ಲಿ ವರ್ನೀಸ್, "ಏನಾಯ್ತು ನಿಂಗೆ, ಹಾಲ್‌ನಲ್ಲಿ ನೆಲ ಸವೆದು ಹೋಗುತ್ತೆ" ಎಂದು ಗದರಿದಳು.

ಏಪ್ರಿಲ್‌ನ ಸಭೆಯಲ್ಲಿ ತಂಡದ ಮುಖ್ಯಸ್ಥ ಡ್ರೂ ಪ್ರೆಂಟಿಸ್ ಗೋಡೆಯ ಮುಂದೆ ನಿಂತಿದ್ದ. ಮೂವತ್ತಾರು ವರ್ಷ, ಮೈದಾನಕ್ಕೆ ಇಳಿದವನಲ್ಲ, ಅಂಕಿಸಂಖ್ಯೆ ಓದಿಕೊಂಡು ಬಂದವನು. ಕೆಟ್ಟವನೇನೂ ಅಲ್ಲ, ಎಲ್ಲರ ಮಕ್ಕಳ ಹೆಸರೂ ಅವನಿಗೆ ನೆನಪಿರುತ್ತಿತ್ತು. ಪರದೆಯ ಮೇಲೆ ರನ್ನಿಂಗ್ ಬ್ಯಾಕ್‌ಗಳ ಆಟದ ಏರಿಳಿತದ ಗೆರೆಯೊಂದನ್ನು ತೋರಿಸಿದ. ಇಪ್ಪತ್ತೇಳನೆಯ ವಯಸ್ಸಿಗೆ ಅದು ಬಾವಿಗೆ ಬಿದ್ದಂತೆ ಕೆಳಗಿಳಿದಿತ್ತು.

"ರನ್ನಿಂಗ್ ಬ್ಯಾಕ್‌ನ ಮೊದಲೆರಡು ಸುತ್ತಲ್ಲಿ ತಗೊಳ್ಳಲ್ಲ, ಎರಡನೇ ಕರಾರು ಯಾರಿಗೂ ಕೊಡಲ್ಲ. ಇಷ್ಟೇ ನಮ್ಮ ನಿಯಮ" ಎಂದ ಪ್ರೆಂಟಿಸ್. "ಟೈರ್ ಸವೆದ್ರೆ ಟೈರ್ ಬದಲಾಯಿಸ್ತೀವಿ. ಯಾರೂ ಹಳೇ ಟೈರಿಗೆ ಹೆಚ್ಚಿಗೆ ದುಡ್ಡು ಕೊಡಲ್ಲ."

"ಟೈರಿಗೆ ಅಜ್ಜಿ ಇರಲ್ಲ" ಎಂದ ಈಜೆಲ್, ಹಿಂದಿನ ಗೋಡೆಯ ಬಳಿಯಿಂದ.

ಎಲ್ಲರೂ ನಕ್ಕರು. ಪ್ರೆಂಟಿಸ್ ಕೂಡ ನಕ್ಕ. "ಈಜೆಲ್, ನಿಮ್ಮ ಸ್ಪೈವಿ ನನಗೂ ಇಷ್ಟ. ನಿಮ್ಮ ಗುಂಡಿ ಅವನ ಮೇಲೆ ಬೀಳಲಿ, ಮೂರನೇ ಸುತ್ತಲ್ಲಿ ತಗೊಳ್ತೀನಿ. ಮಾತು ಕೊಡ್ತೀನಿ. ಮೊದಲನೇ ವರ್ಷದಿಂದಾನೇ ಮುನ್ನೂರು ಸಲ ಚೆಂಡು ಅವನ ಕೈಗೆ."

"ಆಮೇಲೆ?"

"ಆಮೇಲೇನು? ನಾಲ್ಕು ವರ್ಷ ಆದ್ಮೇಲೆ ನೀವು ಇನ್ನೊಬ್ಬನ್ನ ಹುಡುಕ್ತೀರಿ."

ಈಜೆಲ್‌ನ ಜೇಬಿನಲ್ಲಿ ಗುಂಡಿ ಇತ್ತು. ಹಿಂದಿನ ಗೋಡೆಯಿಂದ ಮುಂದಿನ ಗೋಡೆಗೆ ಹದಿನಾಲ್ಕು ಹೆಜ್ಜೆ. ಆ ಹದಿನಾಲ್ಕು ಹೆಜ್ಜೆ ನಡೆಯುವಷ್ಟು ಹೊತ್ತೂ ಅವನ ಕಣ್ಣ ಮುಂದೆ ಇದ್ದದ್ದು ಪಿಕಪ್ಪಿನಿಂದ ಹಿಂದುಹಿಂದಾಗಿ ಇಳಿಯುತ್ತಿದ್ದ ಬೆನ್ನು. ಎರಡನೆಯ ಕರಾರು ಕೊಡುವಷ್ಟು ಮನುಷ್ಯತ್ವ ಇರುವ ತಂಡ ಉಳಿದ ಮೂವತ್ತೊಂದು ತಂಡಗಳಲ್ಲಿ ಒಂದಾದರೂ ಇದ್ದೀತು, ಹುಡುಗ ಅಲ್ಲಿ ಹೋಗಲಿ ಎಂದುಕೊಂಡ. ಸ್ಪೈವಿಯ ಹೆಸರಿನ ಮುಂದೆ ಒಂದು ಗಳಿಗೆ ನಿಂತ. ಆಮೇಲೆ ಪಕ್ಕಕ್ಕೆ ಸರಿದು ಅಲಬಾಮದ ಒಬ್ಬ ಮುನ್ನೂರ ಇಪ್ಪತ್ತು ಪೌಂಡಿನ ಧಡೂತಿಯ ಹೆಸರಿನ ಮೇಲೆ ಗುಂಡಿ ಒತ್ತಿದ. ಆ ಧಡೂತಿಯ ಕೆಲಸ ಓಡುವುದಲ್ಲ, ಅಡ್ಡ ನಿಲ್ಲುವುದು.

ಎಲ್ಲರೂ ಪ್ರೆಂಟಿಸ್‌ನ ಮುಖ ನೋಡಿದರು. ಈಜೆಲ್‌ಗೆ ಮಾತ್ರ ಎಷ್ಟೋ ದಿನದ ಮೇಲೆ ಎದೆ ಹಗುರವಾಯಿತು. ಒಬ್ಬನನ್ನಾದರೂ ಉಳಿಸಿದೆ ಎಂದುಕೊಂಡ. ಪಾಪ, ಅವನು ಹಾಗೆಂದು ಮನಸಾರೆ ನಂಬಿದ್ದ.

ಡ್ರಾಫ್ಟ್‌ನ ಎರಡನೆಯ ಸುತ್ತು ಶುಕ್ರವಾರ ಸಂಜೆ ಶುರುವಾಯಿತು. ಸ್ಪೈವಿಯ ಹೆಸರು ಯಾರೂ ಕೂಗಲಿಲ್ಲ. ಮೂರನೆಯ ಸುತ್ತಿನಲ್ಲಿ ಈಜೆಲ್‌ನ ತಂಡ ಧಡೂತಿಯನ್ನು ತೆಗೆದುಕೊಂಡಿತು. ಆಗಲೂ ಸ್ಪೈವಿಯ ಹೆಸರು ಗೋಡೆಯ ಮೇಲೇ ಇತ್ತು. ಒಂದೊಂದು ತಂಡ ಒಬ್ಬೊಬ್ಬನನ್ನು ಎತ್ತಿಕೊಂಡ ಹಾಗೆಲ್ಲ ಪಟ್ಟಿ ಕಿತ್ತು ಪಕ್ಕಕ್ಕಿಡುತ್ತಿದ್ದರು. ಸುತ್ತಮುತ್ತಲಿನ ಹೆಸರುಗಳೆಲ್ಲ ಹೋಗಿ ಸ್ಪೈವಿಯದೊಂದೇ ಬೋಳುಗೋಡೆಯಲ್ಲಿ ಉಳಿಯಿತು. ಈಜೆಲ್ ಕಾರಿಡಾರಿನಲ್ಲಿ ಹಿಂದೆ ಮುಂದೆ ನಡೆದ, ಕಾಫಿ ತಂದ, ಕುಡಿಯದೆ ಚೆಲ್ಲಿದ, ಮತ್ತೆ ತಂದ. ಆರ್ಜೀಲಿಯಾಳ ಮನೆಯಲ್ಲಿ ಇವತ್ತು ಎಷ್ಟು ಜನ ಸೇರಿರಬಹುದು ಎಂಬ ಯೋಚನೆಯನ್ನು ತಲೆಯಿಂದ ಓಡಿಸಲು ನೋಡಿದ. ಅದು ಹೋಗಲಿಲ್ಲ. ಮಿಸಿಸಿಪಿಯಲ್ಲಿ ಡ್ರಾಫ್ಟ್ ಎಂದರೆ ಊರಿಗೂರೇ ಬಂದು ಸೋಫಾದ ಮೇಲೆ, ನೆಲದ ಮೇಲೆ, ಹೊಸ್ತಿಲ ಮೇಲೆ ಕೂತು ಟಿವಿ ನೋಡುತ್ತದೆ. ಹೆಸರು ಬಾರದೆ ಹೋದರೆ ಒಬ್ಬೊಬ್ಬರೇ ಎದ್ದು, ತಟ್ಟೆ ಸಿಂಕಿನಲ್ಲಿಟ್ಟು, ಸದ್ದಿಲ್ಲದೆ ಮನೆಗೆ ಹೋಗುತ್ತಾರೆ.

ಪ್ರೆಂಟಿಸ್ ಹೊರಗೆ ಬಂದವನು ಅವನ ಪಕ್ಕದಲ್ಲಿ ನಿಂತ. "ನಾನು ಬಾಯಿ ಬಿಟ್ಟು ಹೇಳ್ದೆ, ನೀವು ಬೇಡ ಅಂದ್ರಿ. ಎಲ್ಲ ತಂಡದ ಹತ್ರಾನೂ ಅದೇ ಗೆರೆ ಇದೆ ಈಜೆಲ್. ನಾನೊಬ್ಬನೇ ಅನ್ಕೊಂಡ್ರಾ?"

ಈಜೆಲ್ ಮತ್ತೆ ಕಾರಿಡಾರಿನ ಕೊನೆಗೆ ನಡೆದ. ಅವನು ಹಾಗೆಯೇ ಅಂದುಕೊಂಡಿದ್ದ.

ಶನಿವಾರ ಮಧ್ಯಾಹ್ನ, ಐದನೆಯ ಸುತ್ತಿನ ಕೊನೆಯಲ್ಲಿ, ಪಶ್ಚಿಮದ ಒಂದು ತಂಡ ಡಾಂಟ್ರೆಲ್ ಸ್ಪೈವಿಯನ್ನು ತೆಗೆದುಕೊಂಡಿತು. ಆ ತಂಡದಲ್ಲಿ ಆಗಲೇ ಮೂವರು ರನ್ನಿಂಗ್ ಬ್ಯಾಕ್ ಇದ್ದರು. ಮೂರನೆಯ ಸುತ್ತಿನವನಿಗೂ ಐದನೆಯ ಸುತ್ತಿನವನಿಗೂ ಸಹಿ ಹಾಕಿದ ದಿನ ಸಿಗುವ ಹಣದಲ್ಲೇ ಆರು ಲಕ್ಷ ಡಾಲರ್ ವ್ಯತ್ಯಾಸ. ಮೂರನೆಯ ಸುತ್ತಿನವನು ನಾಲ್ಕು ವರ್ಷ ನಿಲ್ಲುತ್ತಾನೆ, ಐದನೆಯ ಸುತ್ತಿನವನ ಬಾಗಿಲನ್ನು ಆಗಸ್ಟ್‌ನಲ್ಲೇ ತಟ್ಟಬಹುದು. ಇದನ್ನೆಲ್ಲ ಈಜೆಲ್‌ಗೆ ಯಾರೂ ಹೇಳಬೇಕಾಗಿರಲಿಲ್ಲ.

ವರ್ನೀಸ್‌ಗೆ ಫೋನಿನಲ್ಲಿ ಎಲ್ಲವನ್ನೂ ಹೇಳಿದ, ಪೆಟ್ರೋಲ್ ಬಂಕಿನ ಸಂಗತಿಯನ್ನೂ ಬಿಡದೆ.

"ಆ ಹೆಂಗಸಿನ ಕೇಕ್ ತಿಂದು ಬಂದೋನು ನೀನು" ಎಂದಳು ಅವಳು. "ಹೋಗಿ ಮುಖ ಕೊಟ್ಟು ಹೇಳು. ಫೋನಲ್ಲಿ ಹೇಳಿ ತಪ್ಪಿಸ್ಕೊಂಡ್ಯೋ, ಮನೆಗೆ ಬರ್ಬೇಡ."

ಮಂಗಳವಾರ ಬೆಳಿಗ್ಗೆ ಈಜೆಲ್ ಆ ಮನೆಯ ಮುಂದೆ ಕಾರು ನಿಲ್ಲಿಸಿದ. ಆರ್ಜೀಲಿಯಾ ಜಗಲಿಯಲ್ಲಿ ಕೂತಿದ್ದಳು. ಡಾಂಟ್ರೆಲ್ ಎರಡು ಚೀಲ ತುಂಬಿಸಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತಿದ್ದ. ಮಧ್ಯಾಹ್ನ ಜಾಕ್ಸನ್‌ನಿಂದ ವಿಮಾನ.

"ಬನ್ನಿ ಅಂಕಲ್" ಎಂದ ಹುಡುಗ. ದನಿಯಲ್ಲಿ ಕೋಪವಿರಲಿಲ್ಲ, ಅದೇ ಈಜೆಲ್‌ಗೆ ಕಷ್ಟವಾಯಿತು. "ಗುಂಡಿ ಹಾಕಿದ್ರಾ ಇಲ್ವಾ, ಅದೊಂದು ಹೇಳ್ಬಿಡಿ. ಮೂರು ದಿನದಿಂದ ಅದೇ ಕೊರೀತಿದೆ."

"ಹಾಕ್ಲಿಲ್ಲ."

"ಯಾಕೆ? ನಾನೇನು ತಪ್ಪು ಮಾಡ್ದೆ?"

"ನೀನೇನೂ ಮಾಡ್ಲಿಲ್ಲಪ್ಪ. ನಾಲ್ಕೇ ವರ್ಷಕ್ಕೆ ನಿನ್ನ ಕಾಲು ಮುಗಿಸಿ ಬಿಸಾಕ್ತಿದ್ರು. ನಾನು ಡೂಲಿನ ನೋಡ್ದೆ. ಮೂವತ್ತೊಂದಕ್ಕೇ ಗಾಡಿಯಿಂದ ಇಳಿಯಕ್ಕಾಗಲ್ಲ ಅವನಿಗೆ. ನಿನ್ನನ್ನೂ ನಾನೇ ಕರ್ಕೊಂಡ್ ಹೋಗಿ ಅಲ್ಲಿಗೆ ನೂಕೋದು ಬೇಡ ಅನ್ನಿಸ್ತು."

"ಡೂಲಿ ಹಂಗಂದ್ರಾ? ಬರಬಾರದಿತ್ತು ಅಂತ?"

ಈಜೆಲ್ ಕಾರಿನ ಕೀಲಿಯನ್ನು ಕೈಯಿಂದ ಕೈಗೆ ಬದಲಿಸಿದ. "ಮಾತಾಡಿಸ್ಲಿಲ್ಲ. ದೂರದಿಂದ ನೋಡ್ದೆ."

ಆರ್ಜೀಲಿಯಾ ಕುರ್ಚಿಯಲ್ಲೇ ಮುಂದಕ್ಕೆ ಬಗ್ಗಿ ಎರಡೂ ಅಂಗೈ ಚಾಚಿದಳು. ಬೆರಳುಗಳು ನೆಟ್ಟಗಾಗಲಿಲ್ಲ. "ನೋಡೋದ್ರಲ್ಲಿ ಗಟ್ಟಿಗ ಅಲ್ವೇನಪ್ಪ ನೀನು, ಇದನ್ನೂ ನೋಡು. ಮೂವತ್ತೊಂದು ವರ್ಷ ಮೀನಿನ ಕಾರ್ಖಾನೇಲಿ ಮೀನು ಸೀಳಿದ ಕೈ. ಗುಂಡಿ ಹಾಕ್ಕೊಳ್ಳಕ್ಕೂ ಆಗಲ್ಲ ಈಗ. ಪಾಪ ಈಕೆ ಕೈ ಹಾಳಾಗುತ್ತೆ ಅಂತ ಆವತ್ತು ಆ ಮೇಸ್ತ್ರಿ ನಂಗೆ ಕೆಲಸ ಕೊಡದೆ ಕಳಿಸಿದ್ರೆ, ಇವನಿಗೆ ಏನು ಹಾಕಿ ಸಾಕ್ತಿದ್ದೆ?"

ಈಜೆಲ್ ನಿಂತಲ್ಲಿಂದ ಅಲುಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು.

ಡಾಂಟ್ರೆಲ್ ಶೂ ಲೇಸು ಬಿಚ್ಚಿ ಮತ್ತೆ ಕಟ್ಟುತ್ತ ಹೇಳಿದ: "ನಾಲ್ಕು ವರ್ಷಾನೇ ನನಗೂ ಬೇಕಾಗಿದ್ದಿದ್ದು ಅಂಕಲ್. ರಸ್ತೆ ಆಚೆ ಮೀನಿನ ಹೊಂಡ ಇದೆಯಲ್ಲ, ಎಂಬತ್ತು ಎಕರೆ, ಅದು ಮಾರಾಟಕ್ಕಿದೆ. ಮೂರನೇ ಸುತ್ತಿನ ಸಹಿ ದುಡ್ಡಲ್ಲಿ ಅದನ್ನ ಹಿಡ್ಕೊಳ್ಳೋದು, ನಾಲ್ಕು ವರ್ಷ ಓಡೋದು, ಇಪ್ಪತ್ತಾರಕ್ಕೆ ನಿಲ್ಲಿಸಿ ಮನೆಗೆ ಬರೋದು. ಎರಡನೇ ಕರಾರು ಕೊಟ್ರೂ ಬೇಡ ಅನ್ನೋದು. ಅಜ್ಜಿ ನಾನು ಕೂತು ಎಲ್ಲ ಲೆಕ್ಕ ಹಾಕಿದ್ವಿ. ಕಾಲು ಹೋಗುತ್ತೆ ಅಂತ ನಮಗೆ ಗೊತ್ತಿಲ್ಲ ಅನ್ಕೊಂಡ್ರಾ?"

"ನಂಗೆ ಹೇಳ್ಲಿಲ್ಲ ನೀನು."

"ನೀವು ಕೇಳ್ಲಿಲ್ಲ."

ಈಜೆಲ್ ಹುಡುಗನ ತೂಕ ಕೇಳಿದ್ದ, ನಿದ್ದೆ ಕೇಳಿದ್ದ, ಕಣಕಾಲು ಒತ್ತಿ ನೋವಿದೆಯೇ ಎಂದು ಕೇಳಿದ್ದ. ಇಪ್ಪತ್ತೇಳು ವರ್ಷದಲ್ಲಿ ಯಾವ ಹುಡುಗನನ್ನೂ, ನಿನಗೇನು ಬೇಕಪ್ಪ ಎಂದು ಕೇಳಿದ್ದಿಲ್ಲ. ಜಾಕ್ಸನ್‌ವರೆಗೆ ತಾನೇ ಬಿಟ್ಟು ಬರುತ್ತೇನೆಂದು ಚೀಲಗಳನ್ನು ಎತ್ತಿಕೊಂಡ. ಅಜ್ಜಿ ಬೇಡವೆನ್ನಲಿಲ್ಲ.

ಹೆದ್ದಾರಿಗೆ ಬಂದ ಮೇಲೆ ಬಹಳ ದೂರದವರೆಗೆ ಎರಡೂ ಕಡೆ ಮೀನಿನ ಹೊಂಡಗಳೇ. ಡಾಂಟ್ರೆಲ್ ಕಿಟಕಿಯಿಂದ ಅವನ್ನೇ ನೋಡುತ್ತಿದ್ದ.

"ಹೊಂಡದ ಕಥೆ?" ಎಂದ ಈಜೆಲ್.

"ಮಾರೋರು ಕಾಯಲ್ಲ. ಐದನೇ ಸುತ್ತಿನ ದುಡ್ಡಲ್ಲಿ ಮುಂಗಡಾನೂ ಆಗಲ್ಲ."

"ಮತ್ತೆ ಈಗ ಎಷ್ಟು ವರ್ಷ ಓಡ್ಬೇಕು ಅಂತಿದೀಯಪ್ಪ?"

ಹುಡುಗ ತಿರುಗಿ ಅವನ ಮುಖ ನೋಡಿದ. "ಈಗ ಎರಡನೇ ಕರಾರು ಸಿಗೋವರೆಗೂ ಓಡ್ಬೇಕಲ್ಲ ಅಂಕಲ್" ಎಂದ. "ಅವರು ಓಡಿಸಿದಷ್ಟು."